ಗೇರ್ ಸೈಕಲ್ಲು, ಹಣ್ಣಾದ ಹುಳು

ನನ್ನ ಬಾಲ್ಯದ ನೆನಪುಗಳು ತೀರ ಚೆನ್ನಾಗಿವೆ. ನನಗೆ ಅದೇ ಅನುಮಾನ. ಒಂದೊಂದು ನೆನಪಿನ ಮೇಲೂ ಒಳ್ಳೆಯ ಬೆಳಕು ಬಿದ್ದಿರುತ್ತದೆ, ಅಮ್ಮ ಯಾವಾಗಲೂ ಕಿಟಕಿಯ ಪಕ್ಕದಲ್ಲೇ ನಿಂತಿರುತ್ತಾಳೆ, ಯಾರೂ ಕೆಮ್ಮುವುದಿಲ್ಲ, ಯಾರ ಮೂಗೂ ಸೋರುವುದಿಲ್ಲ. ನಮ್ಮ ಮನೆಗೆ ಆಗ ಕಿಟಕಿ ಇತ್ತೇ ಎಂದು ಚಿಂತಾಮಣಿಯಲ್ಲಿರುವ ನಮ್ಮಕ್ಕ ಸರೋಜಳನ್ನು ಕೇಳಿದರೆ, "ಎಲ್ಲಿತ್ತೋ ಕಿಟಕಿ? ಒಂದು ಗವಾಕ್ಷಿ ಇತ್ತು, ಅದರಲ್ಲಿ ಬೆಕ್ಕು ಮಲಗ್ತಿತ್ತು" ಎನ್ನುತ್ತಾಳೆ. ನಾನು ಶಿಡ್ಲಘಟ್ಟದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಆಧಾರವಿಲ್ಲದೆ ಒಂದು ಸಾಲೂ ಬರೆಯಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದೇನೆ. ನನ್ನ ಸ್ವಂತ ವಿಷಯದಲ್ಲಿ ಮಾತ್ರ ಆಧಾರ ಕೇಳುವವರು ಯಾರೂ ಇಲ್ಲವೆಂಬ ಧೈರ್ಯದಿಂದ, ಬಾಯಿಗೆ ಬಂದದ್ದನ್ನೆಲ್ಲ ನೆನಪು ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದವನನ್ನು ನಿಲ್ಲಿಸಿ ಆಧಾರ ಕೇಳಿದರು. ಆ ಕಥೆ ಇದು. ಇದನ್ನೂ ನೀವು ಪೂರ್ತಿ ನಂಬಬೇಕಾಗಿಲ್ಲ. ಹೆಂಡತಿ ಜೊತೆಗಿದ್ದುದರಿಂದ ಬಹಳ ಸುಳ್ಳು ಹೇಳುವಂತಿಲ್ಲ, ಅಷ್ಟೇ.

ಮೊದಲು ಸೈಕಲ್ಲಿನ ವಿಷಯ ಹೇಳಿಬಿಡುತ್ತೇನೆ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಎರಡು ಗೇರ್ ಸೈಕಲ್ಲುಗಳಿವೆ. ಬೆಟ್ಟ ಹತ್ತಲೆಂದೇ ಮಾಡಿದಂಥವು. ಟೈರು ನೋಡಿದರೆ ಟ್ರ್ಯಾಕ್ಟರಿನ ಮರಿ ಎನ್ನಿಸುತ್ತದೆ. ಅವು ಮನೆಗೆ ಬಂದದ್ದು ಮೊಣಕಾಲು ನೋವಿನಿಂದಾಗಿ. ಯಾರ ಮೊಣಕಾಲು ಎಂಬ ಬಗ್ಗೆ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ನನ್ನ ಹೆಂಡತಿ ಪದ್ಮಳಿಗೆ ನೋವು ಬಂತು, ಡಾಕ್ಟರು ಅವಳಿಗೆ ಸೈಕಲ್ ತುಳಿಯಲು ಹೇಳಿದರು, ಅವಳಿಗೆ ಜೊತೆಯಾಗಲಿ ಎಂದು ನಾನೂ ಒಂದು ತೆಗೆದುಕೊಂಡೆ ಎನ್ನುವುದು ನನ್ನ ನೆನಪು. ಮೆಟ್ಟಿಲು ಹತ್ತುವಾಗೆಲ್ಲ ನಾನು ಅಯ್ಯೋ ಅಮ್ಮಾ ಎನ್ನುವುದನ್ನು ಕೇಳಲಾರದೆ ಅವಳೇ ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು ಎನ್ನುವುದು ಅವಳದು. ಡಾಕ್ಟರನ್ನೇ ಕೇಳೋಣವೆಂದರೆ ಅವರು ಇಬ್ಬರಿಗೂ ಸಮಾಧಾನವಾಗುವ ಹಾಗೆ ನಗುತ್ತಾರೆ. ಅಂತೂ ಸೈಕಲ್ಲುಗಳು ಬಂದವು. ಪದ್ಮ ಗೌರಿಬಿದನೂರಿನವಳು, ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗಿ ಬಂದವಳು. ಈಗ ಹೈಸ್ಕೂಲಿನ ಮಕ್ಕಳಿಗೆ ಗಣಿತ ಕಲಿಸುವವಳು. ಗೇರು ಎಂದರೆ ಏನು ಎಂದು ಅಂಗಡಿಯವನು ಹೇಳುವ ಮೊದಲೇ ಅವಳಿಗೆ ಅರ್ಥವಾಯಿತು. ನನಗೆ ಅಂಗಡಿಯವನು ಹೇಳಿದ ಮೇಲೆ ಇದ್ದ ಅಲ್ಪಸ್ವಲ್ಪ ತಿಳಿವಳಿಕೆಯೂ ಹೋಯಿತು. ಸುಲಭದ ಗೇರು ಹಾಕಿದರೆ ಕಾಲು ಫ್ಯಾನಿನಂತೆ ತಿರುಗುತ್ತದೆ, ಸೈಕಲ್ಲು ಇದ್ದಲ್ಲೇ ಇರುತ್ತದೆ. ಕಷ್ಟದ ಗೇರು ಹಾಕಿದರೆ ಎರಡೂ ಇದ್ದಲ್ಲೇ ಇರುತ್ತವೆ.

ನಮ್ಮ ಕಡೆ ಸೈಕಲ್ ತುಳಿಯುವುದಕ್ಕೆ ಒಂದು ಕಾರಣ ಬೇಕು. ಹಿಂದೆ ಹಾಲಿನ ಕ್ಯಾನೋ, ಸೊಪ್ಪಿನ ಹೊರೆಯೋ, ಗ್ಯಾಸ್ ಸಿಲಿಂಡರೋ ಇರಬೇಕು. ನಮ್ಮ ಸೈಕಲ್ಲಿಗೆ ಕ್ಯಾರಿಯರೇ ಇಲ್ಲ. ಕ್ಯಾರಿಯರಿಲ್ಲದ ಸೈಕಲ್ಲಿನ ಮೇಲೆ, ಎಲ್ಲಿಗೂ ಅಲ್ಲದೆ, ಐವತ್ತು ದಾಟಿದ ಲೆಕ್ಚರರು ಬೆವರು ಸುರಿಸಿಕೊಂಡು ಹೋಗುತ್ತಿದ್ದಾರೆ ಎಂದರೆ ಅದಕ್ಕಿರುವುದು ಒಂದೇ ವಿವರಣೆ. "ಶುಗರ್ ಎಷ್ಟೈತೆ ಸಾರ್?" ಎಂದು ಬೇಲಿಯಾಚೆಯಿಂದ ಕೇಳುತ್ತಾರೆ. "ನನಗೆ ಶುಗರ್ ಇಲ್ಲಪ್ಪಾ" ಎಂದರೆ, "ಬರುತ್ತೆ ಬಿಡಿ ಸಾರ್, ನಮ್ಮ ಮಾವಂಗೂ ಇರ್ಲಿಲ್ಲ" ಎಂದು ಸಮಾಧಾನ ಮಾಡುತ್ತಾರೆ. ಇನ್ನು ಈ ಸೈಕಲ್ಲುಗಳಿಗೆ ಸ್ಟ್ಯಾಂಡೂ ಇಲ್ಲ. ಎಲ್ಲಿ ನಿಂತರೂ ನೆಲದ ಮೇಲೆ ಮಲಗಿಸಬೇಕು. ಸೈಕಲ್ಲು ನೆಲದ ಮೇಲೆ, ಅದರ ಪಕ್ಕದಲ್ಲಿ ಏದುಸಿರು ಬಿಡುತ್ತ ನಾನು. ಕಂಡವರು ಏನೆಂದುಕೊಳ್ಳಬೇಕು? ತೋಟದಲ್ಲಿ ಕೆಲಸ ಬಿಟ್ಟು ಓಡಿಬಂದು ಎತ್ತುತ್ತಾರೆ, ಮೊದಲು ನನ್ನನ್ನು, ಆಮೇಲೆ ಸೈಕಲ್ಲನ್ನು. "ಬಿದ್ದಿಲ್ಲಪ್ಪಾ, ಸುಮ್ಮನೆ ನಿಂತಿದ್ದೀನಿ" ಎಂದು ಹೇಳಿದಷ್ಟೂ ಅವರ ಮುಖದಲ್ಲಿ ಕರುಣೆ ಹೆಚ್ಚುತ್ತದೆ. ಅಷ್ಟು ಹೊತ್ತಿಗೆ ಪದ್ಮ ಎರಡು ತಿರುವು ಮುಂದಿರುತ್ತಾಳೆ. "ಅಮ್ಮಾವ್ರು ಆಗ್ಲೇ ಹೋದ್ರು ಸಾರ್, ಬೇಗ ತುಳೀರಿ" ಎಂದು ಪ್ರತಿ ತಿರುವಿನಲ್ಲೂ ಯಾರಾದರೊಬ್ಬರು ಸುದ್ದಿ ಕೊಡುತ್ತಾರೆ.

ಬೆಟ್ಟದ ಸೈಕಲ್ಲು ತೆಗೆದುಕೊಂಡಿದ್ದರಿಂದ ಬೆಟ್ಟ ಹತ್ತಬೇಕು ಎಂಬ ಮಾತು ಮನೆಯಲ್ಲಿ ಒಮ್ಮೆ ಬಂದಿತ್ತು. ಸ್ಕಂದಗಿರಿಗೆ ಬರುವ ಹುಡುಗರು ಕಳವಾರದಲ್ಲಿ ಕಾರು ನಿಲ್ಲಿಸಿ, ಮೇಲೆ ಹತ್ತಿ, ಮೋಡದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದನ್ನು ನೋಡಿ ನಮಗೂ ಆಸೆಯಾಗಿತ್ತು. ನಮ್ಮ ಸೈಕಲ್ಲುಗಳಿಗೆ ಆ ಯೋಗ್ಯತೆ ಖಂಡಿತ ಇದೆ. ಮೇಲೆ ಕೂತವರಲ್ಲಿ ಒಬ್ಬರಿಗೆ ಇಲ್ಲ. ಹಾಗಾಗಿ ಪದ್ಮ ಹುಡುಕಿ ತೆಗೆದದ್ದು ಕ್ರಷರ್ ಹಳ್ಳ. ಮಂಡಿಕಲ್ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಎರಡು ಬೋಳು ಗುಡ್ಡಗಳ ನಡುವೆ ಉದ್ದಕ್ಕೂ ಸಾಗುವ ಒಂದು ತಗ್ಗು. ಅದಕ್ಕೆ ಬೇರೆ ಯಾವುದೋ ಹಳೆಯ ಹೆಸರಿತ್ತಂತೆ. ಕಲ್ಲು ಒಡೆದು ಜಲ್ಲಿ ಮಾಡುವ ಕ್ರಷರುಗಳು ಬಂದ ಮೇಲೆ ಎಲ್ಲರೂ ಕ್ರಷರ್ ಹಳ್ಳ ಎಂದೇ ಕರೆಯತೊಡಗಿದರು. ಈಗ ಕ್ರಷರುಗಳು ನಿಂತಿವೆ, ಹೆಸರು ಉಳಿದಿದೆ. ಯಾಕೆ ನಿಂತವು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಲ್ಲು ಮುಗಿಯಿತು ಎನ್ನುತ್ತಾರೆ, ಕೇಸು ಬಿತ್ತು ಎನ್ನುತ್ತಾರೆ, ಪಾಲುದಾರರು ಜಗಳವಾಡಿದರು ಎನ್ನುತ್ತಾರೆ. ಕಲ್ಲಂತೂ ಮುಗಿದಿಲ್ಲ, ಕಣ್ಣಿಗೆ ಕಾಣುತ್ತದೆ. ಅರ್ಧ ಸೀಳಿದ ಬಂಡೆಗಳ ಮೇಲೆ ಡ್ರಿಲ್ಲಿನ ತೂತುಗಳು ಸಾಲಾಗಿ ಹಾಗೇ ಇವೆ. ಜಲ್ಲಿ ಗುಡ್ಡೆಯ ಮೇಲೆ ಹುಲ್ಲು ಬೆಳೆದು ಆಡುಗಳು ಮೇಯುತ್ತವೆ. ಕಲ್ಲು ಸಾಗಿಸುತ್ತಿದ್ದ ಬೆಲ್ಟಿನ ಕಬ್ಬಿಣದ ಚೌಕಟ್ಟಿಗೆ ಯಾರೋ ಅವರೆಬಳ್ಳಿ ಹಬ್ಬಿಸಿದ್ದಾರೆ. ಕ್ವಾರಿಯ ಹೊಂಡದಲ್ಲಿ ಹಸಿರು ನೀರು ನಿಂತಿದೆ, ಮಿಂಚುಳ್ಳಿ ಬರುತ್ತದೆ. ನಮಗೆ ಮುಖ್ಯವಾದದ್ದು ದಾರಿ. ಜಲ್ಲಿ ತುಂಬಿದ ಲಾರಿ ಉಸಿರು ಕಟ್ಟದೆ ಏರಲಿ ಎಂದು ಗುಡ್ಡದ ಸೊಂಟ ಬಳಸಿ, ನಿಧಾನವಾಗಿ ಏರಿಸಿ ನಿಧಾನವಾಗಿ ಇಳಿಸಿದ ದಾರಿ ಅದು. ತುಂಬಿದ ಲಾರಿಗೆ ಅನುಕೂಲವಾದದ್ದು ಮೊಣಕಾಲು ನೋಯುವವರಿಗೂ ಅನುಕೂಲವೇ. ಅಲ್ಲಿ ನಾನು ಇಳಿದು ತಳ್ಳುವ ಜಾಗಗಳು ಕಡಿಮೆ.

ಆ ಹಳ್ಳದ ನಡುವೆ ಒಂದು ಸಣ್ಣ ಬೀದಿ, ಬೀದಿಯ ಕೊನೆಗೆ ಮುನಿರತ್ನಮ್ಮನ ಮನೆ. ಅವಳ ಗಂಡ ನಾರಾಯಣಸ್ವಾಮಿ ಮೊದಲು ಕ್ರಷರಿನ ಲಾರಿ ಓಡಿಸುತ್ತಿದ್ದವನು, ಈಗ ಬಾಡಿಗೆಯ ಟೆಂಪೋ ಓಡಿಸುತ್ತಾನೆ. ಬಾಗಿಲು ತುಂಬುವಂಥ ಆಳು. ಕ್ರಷರುಗಳಿದ್ದಾಗ ಆ ಹಳ್ಳದಲ್ಲಿ ರೇಷ್ಮೆ ಮಾಡುವಂತಿರಲಿಲ್ಲ. ಧೂಳು ಕೂತ ಹಿಪ್ಪುನೇರಳೆ ಸೊಪ್ಪನ್ನು ಹುಳು ಮುಟ್ಟುವುದಿಲ್ಲ, ಮುಟ್ಟಿದರೆ ಉಳಿಯುವುದಿಲ್ಲ. ಸುತ್ತಲಿನ ಊರುಗಳೆಲ್ಲ ರೇಷ್ಮೆಯಲ್ಲಿದ್ದಾಗ ಈ ಬೀದಿಯವರು ಹುಳು ಸಾಕುವುದನ್ನೇ ಮರೆತಿದ್ದರು. ಕ್ರಷರು ನಿಂತ ಮೇಲೆ ಮೊದಲು ಸೊಪ್ಪು ಹಾಕಿದವಳು ಮುನಿರತ್ನಮ್ಮ. ಮನೆಯ ಪಕ್ಕದಲ್ಲಿ ತಗಡಿನ ಶೆಡ್ಡು ಎಬ್ಬಿಸಿ ಹುಳದ ಮನೆ ಮಾಡಿದಳು. ಹುಳು ಸಾಕುವುದನ್ನು ಫೋನಿನಲ್ಲಿ ವೀಡಿಯೋ ನೋಡಿ ಕಲಿತಳು. ಮೊದಲನೆಯ ಬೆಳೆ ಕೈಕೊಟ್ಟಿತು. ಎರಡನೆಯದಕ್ಕೆ ಗಂಡ ಷರತ್ತು ಹಾಕಿದ್ದ: ಇದೂ ಹೋದರೆ ಸೊಪ್ಪಿನ ಗಿಡ ಬುಡಸಮೇತ ಕಿತ್ತು ಟೊಮೆಟೊ ಹಾಕುವುದು. ಇದನ್ನೆಲ್ಲ ಅವಳು ನಮಗೆ ಹೇಳಿದ್ದು ಭಾನುವಾರಗಳಲ್ಲಿ, ನಾವು ಅವಳ ಜಗಲಿಯಲ್ಲಿ ನೀರು ಕುಡಿಯಲು ಕೂತಾಗ.

ಅವಳು ಅಷ್ಟು ಹೇಳಿದ ಮೇಲೆ ನಾನು ಸುಮ್ಮನೆ ನೀರು ಕುಡಿದು ಏಳಬಹುದಿತ್ತು. "ನಮ್ಮದೂ ಹುಳದ ಮನೆಯೇ ಕಣಮ್ಮ" ಎಂದೆ. ಅದು ನಿಜ. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಅಮ್ಮ ಹುಳು ಸಾಕುತ್ತಿದ್ದಳು. ಅಲ್ಲಿಗೇ ನಿಲ್ಲಿಸಬಹುದಿತ್ತು. "ಹುಳ ಸೊಪ್ಪು ತಿನ್ನೋ ಸದ್ದು ಮಳೆ ಬಂದ ಹಾಗೆ ಕೇಳ್ತಿತ್ತು" ಎಂದೆ. ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳಿದೆ. ಮುನಿರತ್ನಮ್ಮ ಕಣ್ಣರಳಿಸಿ ಕೇಳುತ್ತಿದ್ದಳು. ಹಾಗೆ ಕೇಳುವವರು ನನಗೆ ತರಗತಿಯಲ್ಲಿ ಸಿಗುವುದಿಲ್ಲ. "ನಮ್ಮಮ್ಮ ಒಂದು ಹುಳ ಕೈಗೆ ತಗೊಂಡು ಬೆಳಕಿಗೆ ಹಿಡಿದು ನೋಡಿದ್ರೆ ಸಾಕು, ಹಣ್ಣಾಗಿದೆಯೋ ಇಲ್ಲವೋ ಅಂತ ಹೇಳಿಬಿಡೋಳು" ಎಂದೆ. ಹಣ್ಣಾಗುವುದು ಎಂದರೆ ಹುಳು ತಿಂದು ಮುಗಿಸಿ ಗೂಡು ಕಟ್ಟಲು ತಯಾರಾಗುವುದು. ಆ ಹೊತ್ತಿಗೆ ಸರಿಯಾಗಿ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಎಂದರೆ ಬಿದಿರು ಪಟ್ಟಿ ಸುರುಳಿ ಸುತ್ತಿದ ದೊಡ್ಡ ತಟ್ಟಿಗೆ, ಬಿಡಬೇಕು. ಬೇಗ ಬಿಟ್ಟರೆ ಗೂಡು ತೆಳ್ಳಗಾಗುತ್ತದೆ, ತಡವಾದರೆ ಹುಳು ನೂಲನ್ನೆಲ್ಲ ಸೊಪ್ಪಿನ ಮೇಲೇ ಸುತ್ತಿ ಹಾಳುಮಾಡುತ್ತದೆ. ಪದ್ಮ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ನಿಲ್ಲಿಸಬೇಕಿತ್ತು. "ನನಗೂ ಹೇಳಿಕೊಟ್ಟಿದ್ದಳು" ಎಂದುಬಿಟ್ಟೆ.

ಆ ಭಾನುವಾರ ನಾವು ತಿರುವು ದಾಟುತ್ತಿದ್ದಂತೆ ಮುನಿರತ್ನಮ್ಮ ದಾರಿಯ ಮಧ್ಯದಲ್ಲೇ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಫೋನು. "ಬನ್ನಿ ಸಾರ್, ದೇವ್ರು ಬಂದಂಗೆ ಬಂದ್ರಿ. ಹುಳ ಹಣ್ಣಾಗೈತೋ ಏನೋ ಗೊತ್ತಾಗ್ತಿಲ್ಲ. ಬೀದಿ ಬೀದಿನೇ ಬೀಗರ ಊಟಕ್ಕೆ ಹೋಗೈತೆ. ನಮ್ಮೆಜಮಾನ್ರೇ ಟೆಂಪೋ ಹೊಡ್ಕೊಂಡು ಹೋಗವ್ರೆ. ಒಬ್ರೂ ಇಲ್ಲ!" ಬೀಗರ ಊಟ ಎಂದರೆ ಗೊತ್ತಲ್ಲ. ಮದುವೆಗೆ ಬೇಕಾದರೆ ತಪ್ಪಿಸಿಕೊಳ್ಳುವವರು ಸಿಗುತ್ತಾರೆ. ಮದುವೆ ಮುಗಿದ ಮೇಲೆ ಬೀಗರು ಹಾಕಿಸುವ ಬಾಡೂಟಕ್ಕೆ ತಪ್ಪಿಸಿಕೊಂಡವರನ್ನು ನಾನು ಕಂಡಿಲ್ಲ. ಮರಿಹುಳು ಕೊಟ್ಟವನಿಗೆ ಫೋನು ಮಾಡಿದರೆ ಅವನೂ ಪಂಕ್ತಿಯಲ್ಲಿ ಕೂತಿದ್ದನಂತೆ, ಗದ್ದಲದಲ್ಲಿ ಏನೂ ಕೇಳಿಸಲಿಲ್ಲವಂತೆ. "ವೀಡಿಯೋದಾಗೆ ಹುಳ ಗಾಜಿನಂಗೆ ಹೊಳೀತೈತೆ. ಇಲ್ಲಿ ಹೊಳೀತಾನೂ ಐತೆ, ಇಲ್ದಂಗೂ ಐತೆ. ನಾಳೆ ಅಂದ್ಕೊಂಡಿದ್ದೆ, ಸೆಕೆಗೆ ಇವತ್ತೇ ಆಗೋಯ್ತೋ ಏನೋ. ನೀವೊಂದ್ ಸಲ ನೋಡಿ ಹೇಳ್ಬಿಡಿ ಸಾರ್." ಸಾಮಾನ್ಯವಾಗಿ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ನಾನು ಹುಳದ ಮನೆಯಲ್ಲಿ ಹುಟ್ಟಿದವನೆಂದು ಬಾಗಿಲು ತೆರೆದಳು. ವಾಸನೆಯ ವಸ್ತು ಒಳಗೆ ಹೋಗಬಾರದು ಎಂಬುದೊಂದು ನನಗೆ ನಿಜವಾಗಿ ಗೊತ್ತಿದ್ದ ಸಂಗತಿ. ಅದು ನೆನಪಾದದ್ದು ಎರಡೂ ಮೊಣಕಾಲಿಗೆ ಬಳಿದುಕೊಂಡಿದ್ದ ಮುಲಾಮಿನ ವಾಸನೆ ನನ್ನ ಮೂಗಿಗೇ ಬಡಿದಾಗ. ಸೋಪು ಹಾಕಿ ತೊಡೆಯವರೆಗೆ ತೊಳೆದುಕೊಂಡು, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕೈಕಾಲು ಅದ್ದಿ ಒಳಗೆ ಹೋದೆ, ಪದ್ಮಳೂ ಹಾಗೇ ಕೈಕಾಲು ಅದ್ದಿ ಹಿಂದೆ ಬಂದಳು.

ಒಳಗೆ ಮಳೆಯ ಸದ್ದು ಇರಲಿಲ್ಲ. ಪರೀಕ್ಷೆ ಮುಗಿಯುವ ಹೊತ್ತಿಗೆ ಹುಡುಗರೆಲ್ಲ ಒಟ್ಟಿಗೆ ಉತ್ತರಪತ್ರಿಕೆ ಮಗುಚುವ ಸದ್ದಿರುತ್ತದಲ್ಲ, ಅದು ಇತ್ತು. ಉದ್ದಕ್ಕೂ ಕಟ್ಟಿದ ಅಟ್ಟಣೆಗಳ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಹುಳು. ಮುನಿರತ್ನಮ್ಮ ಒಂದನ್ನು ನನ್ನ ಅಂಗೈ ಮೇಲೆ ಇಟ್ಟಳು. ನಾನು ಅದನ್ನು ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದೆ, ಅಮ್ಮ ಹಿಡಿಯುತ್ತಿದ್ದ ಹಾಗೆ. ಅದು ಬೆಳ್ಳಗೂ ಇತ್ತು, ಹಳದಿಯಾಗಿಯೂ ಇತ್ತು. ಒಳಗೆ ಏನೋ ಕಂಡ ಹಾಗಿತ್ತು, ಕಾಣದ ಹಾಗೂ ಇತ್ತು. ಹುಳು ತಲೆ ತಿರುಗಿಸಿ ನನ್ನ ಕಡೆಗೇ ನೋಡಿತು ಎನ್ನಿಸಿತು. ಇಬ್ಬರು ಹೆಂಗಸರು ಕಾಯುತ್ತಿದ್ದರು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ನಾನು ದನಿ ಎತ್ತರಿಸುತ್ತೇನೆ. ಇಲ್ಲೂ ಹಾಗೇ ಆಯಿತು. "ಹಣ್ಣಾಗಿದೆ" ಎಂದೆ.

"ಎಲ್ಲಾನಾ ಸಾರ್?"

"ಎಲ್ಲಾ."

ಅವಳು ಮಿಂಚಿನಂತೆ ಶುರುಮಾಡಿದಳು. ಎರಡೂ ಕೈಯಿಂದ ಬಾಚಿ ಬಾಚಿ ಚಂದ್ರಿಕೆಗೆ ಸುರಿಯತೊಡಗಿದಳು. ಪದ್ಮಳೂ ಕೈ ಹಾಕಿದಳು. ತಲೆಯ ಮೇಲಿನ ಹೆಲ್ಮೆಟ್ಟು ತೆಗೆಯಲೂ ಅವಳಿಗೆ ನೆನಪಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, "ರೀ, ಈ ಕಡೇವು ಇನ್ನೂ ತಿಂತಾ ಇದಾವಲ್ಲ?" ಎಂದಳು. ನಾನು ಗಂಭೀರವಾಗಿ, "ಕೊನೇದಾಗಿ ತಿಂತವೆ" ಎಂದೆ. ಒಬ್ಬ ಹೆಂಗಸಿನ ತೋಟ ಉಳಿಯುವುದೂ ಕಿತ್ತುಹೋಗುವುದೂ ನನ್ನ ಈ ಮಾತಿನ ಮೇಲೆ ನಿಂತಿತ್ತು. ನನ್ನ ಮಾತಿನ ಹಿಂದೆ ಇದ್ದ ಆಧಾರ ಒಂದು ಕಿಟಕಿ, ಅದೂ ಇರಲಿಲ್ಲವಂತೆ. "ಒಂದು ಫೋನ್ ಮಾಡಿ ಬರ್ತೀನಿ" ಎಂದು ಹೊರಗೆ ಬಂದು, ತಗಡಿನ ಗೋಡೆಗೆ ಒರಗಿ ಅಕ್ಕನಿಗೆ ಫೋನು ಮಾಡಿದೆ. ಕೈಯೆಲ್ಲ ಬ್ಲೀಚಿಂಗ್ ಪೌಡರಿನ ನೀರಾಗಿದ್ದರಿಂದ ಫೋನನ್ನು ಕಲ್ಲಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ನಮ್ಮಕ್ಕನಿಗೆ ಸ್ಪೀಕರಿನ ಅಗತ್ಯವೇ ಇಲ್ಲ, ಚಿಂತಾಮಣಿಯಿಂದ ಹಾಗೇ ಕೂಗಿದರೂ ಕೇಳಿಸುತ್ತದೆ.

"ಅಕ್ಕ, ಹುಳ ಹಣ್ಣಾಗಿರೋದನ್ನ ಅಮ್ಮ ಹೆಂಗೆ ಕಂಡುಹಿಡೀತಿದ್ಲು? ಬೆಳಕಿಗೆ ಹಿಡಿದು ನೋಡ್ತಿದ್ಲಲ್ಲ?"

"ಅಮ್ಮಾನಾ? ಅಮ್ಮಂಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿತ್ತೋ? ಅವಳು ಬೆಳಕಿಗೆ ಹಿಡಿದು ನೋಡ್ತಾ ಇದ್ದದ್ದು ಕೋಳಿ ಮೊಟ್ಟೆ."

"ಇಲ್ಲ ಕಣೇ, ಹುಳ. ನನಗೂ ಹೇಳಿಕೊಟ್ಟಿದ್ಲು."

"ನಿನಗಾ? ನೀಕೇಮಿ ತೆಲುಸುರಾ!" ಅಕ್ಕನಿಗೆ ನಗು ಬಂದರೆ ತೆಲುಗು ಬರುತ್ತದೆ. "ನಿನಗೇನೋ ಗೊತ್ತು? ಹುಳದ ಮನೆ ಬಾಗಿಲು ದಾಟಕ್ಕೇ ಬಿಡ್ತಿರ್ಲಿಲ್ಲ ನಿನ್ನ. ಹುಳ ಕಂಡ್ರೆ ಹೋ ಅಂತ ಅಳ್ತಿದ್ದೆ. ಹಣ್ಣಾದ ದಿನ ನಿನ್ನ ಎತ್ಕೊಂಡು ಹೊರಗೆ ನಿಂತ್ಕೊಳೋದೇ ನನ್ನ ಕೆಲ್ಸ."

"ಸರಿ ಕಣೇ, ಅಳ್ತಿದ್ದೆ. ಹಂಗಾದ್ರೆ ಹೆಂಗೆ ನೋಡ್ತಿದ್ಲು ಅದನ್ನ ಹೇಳು, ಬೇಗ."

"ಅದು... ತಲೆ ಎತ್ತುತ್ತೆ ಕಣೋ. ಇಲ್ಲ ತಡಿ, ಅದು ಪೊರೆ ಬಿಡಕ್ಕೆ ಜ್ವರಕ್ಕೆ ಕೂತ್ಕೊಂಡಾಗ. ಅಲ್ಲ, ಮೈ ಸಣ್ಣ ಆಗುತ್ತೇನೋ..." ಒಂದು ಕ್ಷಣ ಚಿಂತಾಮಣಿಯೇ ಸುಮ್ಮನಾಯಿತು. ಆಮೇಲೆ ಸಿಟ್ಟಿನಿಂದ, "ನಿನ್ನ ಎತ್ಕೊಂಡು ಹೊರಗೆ ನಿಂತಿದ್ನಲ್ಲೋ! ನನಗೆ ಹೆಂಗೆ ಗೊತ್ತಾಗ್ಬೇಕು?" ಎಂದು ಫೋನಿಟ್ಟಳು.

ನಮ್ಮ ಮನೆಯ ರೇಷ್ಮೆಯ ಇತಿಹಾಸ ಅಲ್ಲಿಗೆ ಮುಗಿಯಿತು. ಒಬ್ಬ ಅತ್ತದ್ದರಿಂದ ಇಬ್ಬರಿಗೆ ಗೊತ್ತಿಲ್ಲ. ನಾನು ಒಳಗೆ ಬಂದಾಗ ಮುನಿರತ್ನಮ್ಮ ಕೈ ನಿಲ್ಲಿಸಿ ಕೂತಿದ್ದಳು. ನನಗೆ ಅದು ಆಗ ವಿಚಿತ್ರವೆನಿಸಲಿಲ್ಲ, ನನ್ನ ಮಾತನ್ನು ಹೇಗೆ ಹೇಳುವುದೆಂಬ ಚಿಂತೆಯಲ್ಲಿದ್ದೆ. "ತಡೀಮ್ಮ. ನನಗೆ ಗೊತ್ತಿಲ್ಲ. ನಾನು ಸುಮ್ಮನೆ ಹೇಳಿಬಿಟ್ಟೆ" ಎಂದೆ. ಅವಳು ಬೈಯಲಿಲ್ಲ. ಮಡಿಲಲ್ಲಿದ್ದ ಹುಳುಗಳನ್ನೊಮ್ಮೆ, ಚಂದ್ರಿಕೆಯನ್ನೊಮ್ಮೆ ನೋಡಿದಳು. "ನಮ್ಮೆಜಮಾನ್ರು ಬರೋದ್ರಾಗೆ ಏನಾದ್ರೂ ಒಂದ್ ಮಾಡ್ಬೇಕು ಸಾರ್" ಎಂದಳು, ಬಹಳ ಸಣ್ಣ ದನಿಯಲ್ಲಿ. ಶೆಡ್ಡಿನಲ್ಲಿ ಉತ್ತರಪತ್ರಿಕೆ ಮಗುಚುವ ಸದ್ದು ನಡೆದೇ ಇತ್ತು.

"ಸೊಪ್ಪು ಇದೆಯಾ?" ಎಂದಳು ಪದ್ಮ. "ಇನ್ನೊಂದು ಸಲ ಹಾಕಿ ನೋಡಣ. ಬೇಕಾದವು ತಿಂತವೆ, ಬೇಡವಾದವು ಬಿಡ್ತವೆ. ಊಟದ ಪಂಕ್ತೀಲಿ ಇನ್ನೂ ತಿಂತಾ ಇರೋರನ್ನ ಯಾರಾದ್ರೂ ಎಬ್ಬಿಸ್ತಾರೇನ್ರೀ?" ಹುಳುವನ್ನು ಹತ್ತಿರದಿಂದ ಅವಳು ನೋಡಿದ್ದು ಅವತ್ತೇ ಮೊದಲು. ಮುನಿರತ್ನಮ್ಮ ಮೂಲೆಯಲ್ಲಿ ಒದ್ದೆ ಬಟ್ಟೆ ಮುಚ್ಚಿಟ್ಟಿದ್ದ ಸೊಪ್ಪು ತಂದು ತೆಳ್ಳಗೆ ಹರಡಿದಳು. ಮೂವರೂ ಬಗ್ಗಿ ನೋಡುತ್ತ ನಿಂತೆವು. ಆ ತುದಿಯ ಹುಳುಗಳು ಸೊಪ್ಪಿನ ಮೇಲೆ ಬಿದ್ದವು. ಈ ತುದಿಯವು ಸೊಪ್ಪಿನ ಮೇಲೆ ಹತ್ತಿ, ತಿನ್ನದೆ, ಮುಂದಿನ ಮೈ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುವಂತೆ ಆಡಿಸತೊಡಗಿದವು. ಒಂದರ ಬಾಯಿಂದ ಎಳೆಯೂ ಬಂತು. "ಅಗೋ!" ಎಂದು ಮುನಿರತ್ನಮ್ಮ ಪದ್ಮಳ ತೋಳು ಹಿಡಿದುಕೊಂಡಳು. ತಲೆ ಎತ್ತಿದವನ್ನು ಅವರಿಬ್ಬರೂ ಆರಿಸಿ ಚಂದ್ರಿಕೆಗೆ ಬಿಡತೊಡಗಿದರು. ನನ್ನ ಮಾತು ನಂಬಿ ಚಂದ್ರಿಕೆಗೆ ಹೋಗಿದ್ದ ಹಸಿದ ಹುಳುಗಳನ್ನು ಒಂದೊಂದಾಗಿ ಬಿಡಿಸಿ ಸೊಪ್ಪಿಗೆ ಮರಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹುಳು ಬಿದಿರನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಎಳೆದರೆ ಮೈ ಹರಿದೀತು. ಬೆರಳು ಅಡಿಗೆ ತೂರಿಸಿ ಒಂದೊಂದೇ ಕಾಲು ಬಿಡಿಸಬೇಕು. ಮೈ ತಣ್ಣಗಿರುತ್ತದೆ, ಒಣಗಿರುತ್ತದೆ, ಪುಟ್ಟ ಮಗುವಿನ ಕಿವಿ ಮುಟ್ಟಿದ ಹಾಗೆ. ನನಗೆ ಅಳು ಬರಲಿಲ್ಲ. ಬೆವರು ಬಂತು, ಸೊಂಟ ಹಿಡಿದುಕೊಂಡಿತು, ಮೊಣಕಾಲಿನ ಬಗ್ಗೆ ಹೇಳುವುದೇ ಬೇಡ. ಮುಲಾಮು ತೊಳೆದುಹೋಗಿತ್ತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಟೆಂಪೋ ಬಂತು. ಊಟದ ಸಂತೃಪ್ತಿಯಲ್ಲಿ ಇಳಿದ ಬೀದಿಯವರೆಲ್ಲ, ಹುಳದ ಮನೆಯ ಮುಂದೆ ಬಿದ್ದಿದ್ದ ಎರಡು ಸೈಕಲ್ಲು ಕಂಡು ಯಾರಿಗೋ ಅಪಘಾತವಾಗಿದೆಯೆಂದು ಓಡಿಬಂದರು. ಸಂಗತಿ ತಿಳಿದು, ಕೈಕಾಲು ತೊಳೆದು, ಒಬ್ಬೊಬ್ಬರಾಗಿ ಸೇರಿಕೊಂಡರು. ಅಂಥ ಹೊತ್ತಿನಲ್ಲಿ ಹೋಗುವ ಬರುವವರೆಲ್ಲ ಕೈ ಹಾಕುವುದು ನಮ್ಮ ಕಡೆಯ ಪದ್ಧತಿ. ಈ ಬೀದಿಗೆ ಅದು ಮರೆತುಹೋಗಿರಲಿಲ್ಲ. ನಾರಾಯಣಸ್ವಾಮಿ ಬಾಗಿಲು ತುಂಬಿ ನಿಂತು ಕೇಳಿದ: "ಹಣ್ಣಾಗೈತೆ ಅಂತ ಯಾರು ಹೇಳಿದ್ದು?" ನಾನು ಚಂದ್ರಿಕೆಯ ಹಿಂದೆ ಸರಿದೆ. ಮುನಿರತ್ನಮ್ಮ ತಲೆಯೆತ್ತದೆ, "ಸಾರು ನೋಡಿ ಹೇಳಿದ್ರು. ಅವ್ರದ್ದು ಹುಳದ ಮನೆ" ಎಂದಳು. ನಾರಾಯಣಸ್ವಾಮಿ ನನಗೆ ಕೈಮುಗಿದ. ನಾನು ಬಾಯಿ ತೆರೆದೆ. ಪದ್ಮ ನನ್ನ ಕಾಲು ತುಳಿದಳು. ತುಳಿಯಲಿಲ್ಲ, ಜಾಗವಿಲ್ಲದೆ ತಗುಲಿತು ಎನ್ನುತ್ತಾಳೆ ಅವಳು.

ಗೂಡು ಚೆನ್ನಾಗಿಯೇ ಬಂತು. ಒಂದು ಮೂಲೆಯಲ್ಲಿ ಸ್ವಲ್ಪ ತೆಳ್ಳಗಿದ್ದವು. ಅವು ಯಾರ ಕೃಪೆಯೆಂದು ನನಗೆ ಗೊತ್ತು. ಉಳಿದವು ಗಟ್ಟಿಯಾಗಿ, ತುಂಬಿಕೊಂಡು, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ನಾರಾಯಣಸ್ವಾಮಿಯ ಟೆಂಪೋದಲ್ಲೇ ಹೋದವು. ತೋಟಕ್ಕೆ ಟೊಮೆಟೊ ಬರಲಿಲ್ಲ. ಅದೇನೋ ಸರಿ, ಆದರೆ ಆಮೇಲಿನ ಭಾನುವಾರಗಳಲ್ಲಿ ನನ್ನ ಸೈಕಲ್ ಸವಾರಿ ಕೆಟ್ಟಿತು. ಶುಗರಿನ ಪ್ರಶ್ನೆಗಳು ನಿಂತವು. "ಹುಳದ ಸಾರು ಬಂದ್ರು" ಎಂದು ತಿರುವಿಗೊಬ್ಬರು ಅಡ್ಡಗಟ್ಟಿ ಸೊಪ್ಪು ಯಾಕೆ ಮುರುಟುತ್ತದೆ, ಟೊಮೆಟೊ ಯಾಕೆ ಉದುರುತ್ತದೆ, ಎಮ್ಮೆ ಯಾಕೆ ಹಾಲು ಕೊಡುವುದಿಲ್ಲ ಎಂದು ಕೇಳತೊಡಗಿದರು. ಇತ್ತ ಅಕ್ಕ, ತಾನೇ ಫೋನಿನಲ್ಲಿ ಹೇಳಿಕೊಟ್ಟು ಒಂದು ಬೆಳೆ ಉಳಿಸಿದೆನೆಂದು ಚಿಂತಾಮಣಿಯ ನೆಂಟರಿಗೆಲ್ಲ ಹೇಳಿದ್ದಾಳೆ. ಪದ್ಮ ಎಂದಿನಂತೆ ಎರಡು ತಿರುವು ಮುಂದೆ ತುಳಿಯುತ್ತಿರುತ್ತಾಳೆ. ನನಗೋ ಇನ್ನೊಂದು ಆಪತ್ತು. ಬೆಳಕಿಗೆ ಹಿಡಿದ ಮೊಟ್ಟೆಯನ್ನಾದರೂ ಸರಿಯಾಗಿ ನೆನೆಯೋಣವೆಂದು ಕಣ್ಣು ಮುಚ್ಚಿದರೆ, ಅಮ್ಮ ಬರುತ್ತಾಳೆ, ತಗಡಿನ ಶೆಡ್ಡು ಬರುತ್ತದೆ, ಟ್ಯೂಬ್‌ಲೈಟೂ ಬರುತ್ತದೆ. ಅಮ್ಮನ ತಲೆಯ ಮೇಲೆ ಹೆಲ್ಮೆಟ್ಟು ಇರುತ್ತದೆ. ಎಷ್ಟು ಪ್ರಯತ್ನಪಟ್ಟರೂ ತೆಗೆಯಲಾಗುತ್ತಿಲ್ಲ.

ಮುಂದಿನ ಬೆಳೆ ಹಣ್ಣಾದ ದಿನ ಮುನಿರತ್ನಮ್ಮನ ಫೋನು ಬಂತು, "ಸಾರ್, ಬರ್ತೀರಾ?" ಎಂದು. ಕಾಲೇಜಿಗೆ ರಜೆ ಹಾಕಿದೆ. ಇವತ್ತು ಬೀದಿಯವರೆದುರಿಗೆ ನಿಜ ಹೇಳಿಬಿಡಬೇಕು, ಹುಳು ಹಣ್ಣಾದದ್ದನ್ನು ಕಂಡುಹಿಡಿದದ್ದು ನಾನಲ್ಲ ಎಂದು ಸ್ಪಷ್ಟಪಡಿಸಬೇಕು ಎಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ತುಳಿದೆ. ಪಾಠಕ್ಕೂ ನಾನು ಅಷ್ಟು ತಯಾರಿ ಮಾಡುವುದಿಲ್ಲ. ಶೆಡ್ಡಿನ ಒಳಗೆ ಬೀದಿಯ ಹೆಂಗಸರೆಲ್ಲ ಆರಿಸುತ್ತ ಕೂತಿದ್ದರು. ಹೊರಗೆ ನಾರಾಯಣಸ್ವಾಮಿ ಚಂದ್ರಿಕೆಗಳನ್ನು ನೆರಳಿಗೆ ಸಾಗಿಸುತ್ತಿದ್ದ. ನಾನು ಮುನಿರತ್ನಮ್ಮನ ಹತ್ತಿರ ಹೋಗಿ ಗಂಟಲು ಸರಿಪಡಿಸಿಕೊಂಡೆ. "ನೋಡಮ್ಮ, ಹೋದ ಸಲ ನಾನು ಬೆಳಕಿಗೆ ಹಿಡಿದು ನೋಡಿ ಹೇಳಿದೆನಲ್ಲ, ಅದರ ವಿಷಯ ಎಲ್ಲರಿಗೂ..."

"ಅಯ್ಯೋ ಬಿಡಿ ಸಾರ್" ಎಂದಳು ಅವಳು, ದನಿ ತಗ್ಗಿಸಿ. "ತಗಡಿನ ಗೋಡೆ. ನೀವು ಮಾತಾಡಿದ್ದೂ ಕೇಳಿಸ್ತು, ನಿಮ್ಮಕ್ಕ ಮಾತಾಡಿದ್ದೂ ಕೇಳಿಸ್ತು. ಕೋಳಿ ಮೊಟ್ಟೆನೂ ಕೇಳಿಸ್ತು. ನಾನೂ ಮೇಡಮ್ಮೋರೂ ಹೇಳಿದ್ವಿ ಅಂದಿದ್ರೆ ನಮ್ಮೆಜಮಾನ್ರು ಚಂದ್ರಿಕೆಯಿಂದ ವಾಪಸ್ ತೆಗ್ಸೋರು. ಸಾರು ಹೇಳಿದ್ರು ಅಂದಿದ್ದಕ್ಕೆ ಸುಮ್ಕಾದ್ರು. ಈಗ ಯಾತಕ್ಕೆ ಅದೆಲ್ಲ?"

ಪಕ್ಕದಲ್ಲಿ ಕೂತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಭುಜ ಕುಣಿಸುತ್ತಿದ್ದರು. ಕೇಳಿಸಿಕೊಂಡದ್ದನ್ನು ಅವಳು ಒಬ್ಬಳೇ ಇಟ್ಟುಕೊಂಡಿರಲಿಲ್ಲ ಎಂದು ಆಗ ತಿಳಿಯಿತು. ಹಾಗಾದರೆ ನನ್ನನ್ನು ಕರೆಸಿದ್ದು ಯಾಕೆ ಎಂದು ಕೇಳಿದೆ.

"ಕೈ ಸಾಲ್ದು ಸಾರ್" ಎಂದು ನನ್ನ ಮುಂದೆ ಒಂದು ಬುಟ್ಟಿ ಸರಿಸಿ, ಕೂರಲು ಜಾಗ ತೋರಿಸಿದಳು. "ತಲೆ ಎತ್ತಿರೋವ್ನ ಮಾತ್ರ ಆರಿಸಿ. ಅಳು ಬಂದ್ರೆ ಹೇಳಿ, ನಾಚ್ಕೋಬೇಡಿ. ನಮ್ಮೆಜಮಾನ್ರು ಇಲ್ಲೇ ಅವ್ರೆ, ಎತ್ಕೊಂಡು ಹೊರಗೆ ನಿಂತ್ಕೋತಾರೆ."